ಗಾಜಿನ ಹೂವೂ ಯಥಾರ್ಥಜ್ಞಾನವೂ

ನಿಜವಾದ ಹೂವಿನಂತೆಯೇ ತೋರುವ ಹೂವನ್ನು ಕೈಯಿಂದ ರಚಿಸುವುದು ವಂಚನೆಯೇ? ಸಜ್ಜನರು ವಿಚಾರಿಸತಕ್ಕ ಪ್ರಶ್ನೆಯಿದು.

ಸೊಲೊಮನ್ ರಾಜನ ವಿವೇಕವನ್ನು ಪರೀಕ್ಷಿಸಲೆಂದು ಶೇಬಾದ ರಾಣಿಯು ನೈಜ ಪುಷ್ಪಗಳನ್ನೂ ಕೃತಕ ಪುಷ್ಪಗಳನ್ನೂ ಅವನ ಮುಂದಿರಿಸಿದಳೆಂದು ಒಂದು ಜನಪದ ಕಥೆಯುಂಟು. ರಾಜನು ಕಿಟಕಿಯನ್ನು ತೆರೆಯಿಸಿದನು. ಒಳಬಂದ ಜೇನುನೊಣಗಳು ನೈಜ ಪುಷ್ಪಗಳನ್ನೇ ಆಶ್ರಯಿಸಿದವು. ಕಣ್ಣು ಸೋತಲ್ಲಿ ಮಕರಂದವೇ ನಿರ್ಣಾಯಕವಾಯಿತು.

ಅದೇ ಕಲೆಯು ತಿಳಿವಿಗೂ ಸಾಧನವಾದುದುಂಟು. ಜರ್ಮನಿಯ ಡ್ರೆಸ್ಡೆನ್ ಸಮೀಪದ ಲಿಯೋಪೋಲ್ಡ್ ಬ್ಲಾಷ್ಕ ಮತ್ತು ಅವನ ಮಗ ರುಡಾಲ್ಫ್ 1887ರಿಂದ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಗಾಜಿನ ಸಸ್ಯಮಾದರಿಗಳನ್ನು ರಚಿಸಿದರು. 1895ರಲ್ಲಿ ತಂದೆ ತೀರಿಕೊಂಡ ಮೇಲೆ ಮಗನು 1936ರವರೆಗೆ ಮುಂದುವರಿಸಿದನು. ಒಟ್ಟು 4,000ಕ್ಕೂ ಮಿಕ್ಕವು. ಒತ್ತಿ ಒಣಗಿಸಿದ ಹೂವು ಬಣ್ಣಗೆಡುವುದರಿಂದ ವಿದ್ಯಾರ್ಥಿಗಳಿಗೆ ಇವು ಬೇಕಾದವು. ರುಡಾಲ್ಫನು ರೋಗ ತಗಲಿದ ಹಣ್ಣುಗಳನ್ನೂ ಇದ್ದಂತೆಯೇ ಮಾಡಿಟ್ಟನು. ಮರುಳುಗೊಳಿಸುವುದೇ ಗುರಿಯಾಗಿದ್ದರೆ ಕೊಳೆತುದನ್ನು ಯಾರು ಮಾಡುವರು? ಅವರಲ್ಲಿ ಗುಪ್ತವಿದ್ಯೆಯಿತ್ತೆಂದು ಜನರು ಕಥೆ ಕಟ್ಟಿದರು. ಇದ್ದುದು ತಲೆಮಾರುಗಳ ಅಭ್ಯಾಸ, ದೀಪದ ಉರಿ, ತಾಳ್ಮೆ.

ಚಿಪ್ಪಿನಲ್ಲಿ ಬೆಳ್ಳಿಯನ್ನು ಕಾಣುವ ದೃಷ್ಟಾಂತವನ್ನು ನಮ್ಮ ಶಾಸ್ತ್ರಕಾರರು ಹೇಳುವರು. ಚಿಪ್ಪು ಸತ್ಯ, ಅದನ್ನು ಬೆಳ್ಳಿಯೆಂದು ತಿಳಿಯುವುದು ಭ್ರಮೆ. ಅಂತೆಯೇ ಗಾಜು ಗಾಜಾಗಿಯೇ ಸತ್ಯ. ಇದು ಗಾಜು, ಹೂವನ್ನು ಹೋಲುತ್ತದೆ ಎಂದರಿತವನಿಗೆ ಅದು ಹೂವಿನ ಯಥಾರ್ಥಜ್ಞಾನಕ್ಕೆ ದ್ವಾರ. ಹೋಲಿಕೆಯಿದ್ದ ಮಾತ್ರಕ್ಕೆ ಐಕ್ಯವಿಲ್ಲ. ಆ ಭೇದವನ್ನು ಮರೆಮಾಚುವ ಸಂಕಲ್ಪದಲ್ಲಿಯೇ ದೋಷವಿರುವುದು.

ನಾಮಮುದ್ರೆಗಳನ್ನು ಧರಿಸಿ ಭಕ್ತರಂತೆ ತೋರುವ ನಾವು, ಕಿಟಕಿ ತೆರೆದು ಜೇನುನೊಣ ಬಂದರೆ ಎಲ್ಲಿ ಕುಳಿತೀತೆಂದು ಆಗಾಗ ಯೋಚಿಸುವುದು ಲೇಸು.