ಗೆದ್ದವರ ತಕ್ಕಡಿ

ಎರಡನೆಯ ಮಹಾಯುದ್ಧದ ಕೊನೆಯ ದಿನಗಳು. 1945ರ ಆಗಸ್ಟ್ 6ರಂದು ಅಮೆರಿಕವು ಹಿರೋಶಿಮಾದ ಮೇಲೆ ಅಣುಬಾಂಬ್ ಹಾಕಿತು. 8ರಂದು ಲಂಡನ್ನಿನಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟಗಳು ಸೋತ ನಾಝಿ ನಾಯಕರ ವಿಚಾರಣೆಯ ಸನ್ನದಿಗೆ ಸಹಿ ಹಾಕಿದವು. ನಾಗರಿಕರ ಕೊಲೆಯನ್ನು ಅದು ಮಾನವತೆಯ ವಿರುದ್ಧದ ಅಪರಾಧಗಳಲ್ಲಿ ಸೇರಿಸಿತು. ಮರುದಿನವೇ ನಾಗಸಾಕಿಯ ಮೇಲೆ ಇನ್ನೊಂದು ಬಾಂಬ್ ಬಿತ್ತು!

1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ 12 ಮಂದಿಗೆ ಮರಣದಂಡನೆ ವಿಧಿಸಲಾಯಿತು. ಅಪರಾಧಿಗಳಿಗೆ ಶಿಕ್ಷೆಯಾದುದು ನ್ಯಾಯವೇ. ಆದರೆ ಬಾಂಬ್ ಹಾಕಿದವರನ್ನು ಯಾರೂ ಕಟಕಟೆಗೆ ಕರೆಯಲಿಲ್ಲ. ಗೆದ್ದ ಐದು ರಾಷ್ಟ್ರಗಳು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ವೀಟೋ ಅಧಿಕಾರವನ್ನು ತಮಗೇ ಇಟ್ಟುಕೊಂಡವು. ಆ ಏರ್ಪಾಡು ಇಂದಿಗೂ ಇದೆ.

ಸ್ವತಃ ನಮಗೆ, ಹೆತ್ತವರಿಗೆ, ಬಂಧುಗಳಿಗೆ ಪ್ರತಿಕೂಲವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂದು ಪವಿತ್ರ ಕುರ್‌ಆನ್ (4:135) ಆಜ್ಞಾಪಿಸುತ್ತದೆ. ಈ ಆಜ್ಞೆ ದೊಡ್ಡ ರಾಷ್ಟ್ರಗಳಿಗೆ ಮಾತ್ರವೇ? ನೆರೆಯವನ ಮಗನ ತಪ್ಪಿಗೆ ಒಂದು ತಕ್ಕಡಿ, ನಮ್ಮ ಮಗನ ತಪ್ಪಿಗೆ ಇನ್ನೊಂದು ನಮ್ಮ ಮನೆಗಳಲ್ಲೂ ಇಲ್ಲವೇ? ಅಲ್ಲಾಹನ ನ್ಯಾಯಾಲಯದಲ್ಲಿ ವೀಟೋ ಯಾರಿಗೂ ಇಲ್ಲ.