ಬಂದು ಹೋಗುವ ನಡುಕ



ಯಾವಾಗಲೂ ಕಾಣುವ ದೋಷವನ್ನು ಹುಡುಕುವದು ಕಷ್ಟವಲ್ಲ. ಮುರಿದ ನೇಗಿಲನ್ನು ಕಂಡವರೆಲ್ಲರೂ ಅದು ಮುರಿದದೆಂದು ಹೇಳುವರು. ಆದರೆ ಒಮ್ಮೆ ತೋರಿ ಒಮ್ಮೆ ಮರೆಯಾಗುವ ದೋಷವುಂಟಷ್ಟೆ, ಅದು ಮನುಷ್ಯರ ತಾಳ್ಮೆಯನ್ನು ಕೆಡಿಸಿ, ಕಡೆಗೆ ನಿರಪರಾಧಿಯ ತಲೆಯ ಮೇಲೆ ಅಪರಾಧವನ್ನು ಹೊರಿಸುವದು. ಇಂಥದೊಂದು ಸಂಗತಿಯು ಕಕ್ಕಬೆಯಲ್ಲಿ ನಮ್ಮ ಕಣ್ಣೆದುರಿಗೇ ನಡೆಯಿತು. ಅದರಲ್ಲಿ ನಮ್ಮ ತಪ್ಪೂ ಸೇರಿದ್ದರಿಂದ ಮರೆಮಾಡದೆ ಬರೆಯುತ್ತೇವೆ.

ಕಕ್ಕಬೆಯು 1748 ಮೀಟರು ಎತ್ತರದ ತಡಿಯಂಡಮೋಳ್ ಬೆಟ್ಟದ ತಪ್ಪಲಲ್ಲಿರುವ ಊರೆಂದು ನೀವು ಬಲ್ಲಿರಿ. ಅಲ್ಲಿ ಸಮವಾದ ದಾರಿ ಕಡಿಮೆ. ಏರು, ಇಳಿತ, ತಿರುವು ಇವೇ ಹೆಚ್ಚು. ಆ ಊರಿನ ತೋಟದ ಯಜಮಾನರೊಬ್ಬರಲ್ಲಿ ಒಂದು ಪಿಕಪ್ ಗಾಡಿ ಇತ್ತು. ನಮ್ಮ ಸಭೆಯ ಯೌವನಸ್ಥನೊಬ್ಬನು ಅದನ್ನು ನಡಿಸುತ್ತಿದ್ದನು. ಹೆಂಡತಿ, ಎರಡು ಮಕ್ಕಳು, ಮುದಿ ತಾಯಿ, ಇವರೆಲ್ಲರ ಅನ್ನವು ಅವನ ಆ ಕೆಲಸದಲ್ಲೇ ಇತ್ತು.

ಕಾಫಿ ಕೊಯ್ಲಿನ ಕಾಲದಲ್ಲಿ ಅವನು ಕಡಂಗದ ದಾರಿಯಾಗಿ ವಿರಾಜಪೇಟೆಗೆ ಚೀಲಗಳನ್ನು ಸಾಗಿಸುತ್ತಿರುವಾಗ ಗಾಡಿಗೆ ಒಂದು ನಡುಕ ಹಿಡಿಯಿತು. ಒಂದು ಸಾರಿ ಗಡಗಡನೆ ನಡುಗುವದು, ಇನ್ನೊಂದು ಸಾರಿ ಏನೂ ಇಲ್ಲದಂತೆ ಓಡುವದು. ಅವನು ಮೂರು ಸಾರಿ ಅದನ್ನು ವರ್ಕ್‌ಶಾಪಿಗೆ ಕೊಂಡುಹೋದನು. ಮೂರು ಸಾರಿಯೂ ಅದು ಕುರಿಮರಿಯಂತೆ ಸುಮ್ಮಗೆ ನಡೆಯಿತು. ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದರು. ರಿಮ್ಮಿನ ಒಳಗೆ ಗಟ್ಟಿಯಾಗಿದ್ದ ಕೆಸರನ್ನು ಕೆರೆದು ತೊಳೆದರು. ದುಡ್ಡು ಹೋಯಿತು, ನಡುಕವು ಹೋಗಲಿಲ್ಲ. ಆಗ ಯಜಮಾನರು, "ಗಾಡಿಯಲ್ಲಿ ದೋಷವಿಲ್ಲ, ನಡಿಸುವವನ ಕಾಲಿನಲ್ಲಿದೆ. ಕ್ಲಚ್ಚನ್ನು ಒರಟಾಗಿ ಬಿಡುತ್ತಾನೆ" ಎಂದು ಹೇಳಿ, ತಿಂಗಳ ಕೊನೆಗೆ ಅವನನ್ನು ಬಿಡಿಸುವ ಯೋಚನೆಯಲ್ಲಿ ನಮ್ಮ ಅಭಿಪ್ರಾಯವನ್ನು ಕೇಳಿದರು. ಒಂದು ದಿನವಾದರೂ ಆ ಗಾಡಿಯಲ್ಲಿ ಕೂತಿಲ್ಲದ ನಾವು, "ಯೌವನದ ಆತುರವೇ ಇರಬೇಕು" ಅಂದೆವು.

ಈ ಮಾತು ಅವನ ಕಿವಿಗೆ ಮುಟ್ಟಿತು. ಅವನು ಸಂಜೆ ನಮ್ಮ ಬಾಗಲಿಗೆ ಬಂದು, "ಉಪದೇಶಿಗಳೇ, ಒಂದು ಸಾರಿ ನನ್ನ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಹೇಳಿ" ಅಂದನು. ಅದಕ್ಕೆ ಕೊಡತಕ್ಕ ಉತ್ತರವು ನಮ್ಮಲ್ಲಿರಲಿಲ್ಲ.

ಮರುದಿನ ಅನುಭವಸ್ಥನಾದ ಹಿರಿಯ ಮೆಕ್ಯಾನಿಕನೊಬ್ಬನ ಬಳಿಗೆ ನಾವೆಲ್ಲರೂ ಹೋದೆವು. ಅವನು ಮೊದಲು ಚಕ್ರದ ನಟ್ಟುಗಳು ಬಿಗಿಯಾಗಿವೆಯೋ, ಟಯರು ಎಲ್ಲಿಯಾದರೂ ಉಬ್ಬಿದೆಯೋ ಎಂದು ನೋಡಿದನು. ಯಾಕಂದರೆ ಅವುಗಳಲ್ಲಿ ಪ್ರಾಣಾಪಾಯವುಂಟು. ಆ ಮೇಲೆ ಯಾವ ಭಾಗವನ್ನೂ ಬಿಚ್ಚದೆ, "ಯಾವಾಗ ನಡುಗುತ್ತದೆ?" ಎಂದು ಕೇಳಿದನು. ಅವನು ನಮಗೆ ತಿಳಿಸಿದ್ದೇನಂದರೆ: ಒಂದು ಗೊತ್ತಾದ ವೇಗದಲ್ಲಿ ಮಾತ್ರ ನಡುಗಿದರೆ ಚಕ್ರ, ಟಯರುಗಳನ್ನು ನೋಡಬೇಕು, ಸ್ಟೀರಿಂಗು ನಡುಗಿದರೆ ಹೆಚ್ಚಾಗಿ ಮುಂದಿನ ಚಕ್ರ, ಸೀಟು ನಡುಗಿದರೆ ಹೆಚ್ಚಾಗಿ ಹಿಂದಿನದು. ಬ್ರೇಕು ಒತ್ತುವಾಗ ನಡುಗಿದರೆ ಡಿಸ್ಕು ಇಲ್ಲವೆ ಡ್ರಮ್ಮು. ಗಾಡಿ ನಿಂತಿರುವಾಗಲೂ ಇಂಜಿನಿನ ಓಟದೊಡನೆ ನಡುಕವು ಏರಿಳಿದರೆ ಇಂಜಿನು, ಅದರ ಮೌಂಟಿಂಗುಗಳು. ಭಾರ ಹೊತ್ತು ಹೊರಡುವಾಗಲೂ ಏರು ಹತ್ತುವಾಗಲೂ ನಡುಗಿದರೆ ಪ್ರೊಪೆಲ್ಲರ್ ಶಾಫ್ಟನ್ನೂ ಅದರ ಕ್ರಾಸ್‌ಗಳನ್ನೂ ಸೆಂಟರ್ ಬೇರಿಂಗನ್ನೂ ಶೋಧಿಸಬೇಕು. ಒಂದು ಸಾರಿಗೆ ಒಂದನ್ನೇ ಬದಲಿಸಿ ನೋಡಬೇಕು. ನಾಲ್ಕನ್ನು ಕೂಡಿ ಬದಲಿಸಿದರೆ ಯಾವದು ಕೆಟ್ಟಿತ್ತೆಂದು ಎಂದಿಗೂ ತಿಳಿಯದು.

ಆಗ ಯೌವನಸ್ಥನು, "ಚೀಲ ಹೇರಿದಾಗ ಏರಿನಲ್ಲಿ ನಡುಗುತ್ತದೆ" ಅಂದನು. ಮೆಕ್ಯಾನಿಕನು ನಕ್ಕು, "ಹಾಗಾದರೆ ಬರಿದಾದ ಗಾಡಿಯನ್ನು ತಂದು ನನಗೆ ಯಾಕೆ ತೋರಿಸುತ್ತೀರಿ?" ಅಂದನು. ವರ್ಕ್‌ಶಾಪಿಗೆ ಹೋದ ಮೂರು ಸಾರಿಯೂ ಗಾಡಿಯನ್ನು ಇಳಿಸಿ, ತೊಳೆದು, ಸಮದಾರಿಯಲ್ಲೇ ಓಡಿಸಿ ತೋರಿಸಿದ್ದರು!

50 ಕಿಲೋ ತೂಕದ 20 ಚೀಲಗಳನ್ನು ಹೇರಿ, ನಾವು ಪಕ್ಕದಲ್ಲಿ ಕೂತೆವು. ಯೌವನಸ್ಥನು ಕ್ಲಚ್ಚನ್ನು ಮೆಲ್ಲಗೆ ಬಿಟ್ಟದ್ದನ್ನು ಕಣ್ಣಾರೆ ಕಂಡೆವು. ಏರಿನಲ್ಲಿ ಗಾಡಿಯ ಹೊಟ್ಟೆಯೊಳಗಿಂದ ನಡುಕವು ಎದ್ದಿತು. ತಿರಿಗಿ ಬಂದು, ಇಂಜಿನನ್ನು ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು ಕೆಳಗೆ ನೋಡಿದಾಗ, ಸೆಂಟರ್ ಬೇರಿಂಗನ್ನು ಹಿಡಿದಿರುವ ರಬ್ಬರು ಹರಿದಿತ್ತು. ಭಾರ ಬಿದ್ದಾಗ ಕಮಾನುಪಟ್ಟಿಗಳು ತಗ್ಗಿ ಶಾಫ್ಟಿನ ಓರೆಯು ಬದಲಾಗುತ್ತದೆ. ಸಣ್ಣ ಗೇರಿನಲ್ಲಿ ಇಂಜಿನಿನ ಬಲವೆಲ್ಲಾ ಅದರ ಮೇಲೆ ಬೀಳುತ್ತದೆ. ಆಗ ಹಿಡಿತ ತಪ್ಪಿದ ಶಾಫ್ಟು ಕುಣಿಯುತ್ತದೆ. ಹಾಗೆಯೇ ಬಿಟ್ಟಿದ್ದರೆ ಒಂದು ದಿನ ಅದು ಕಳಚಿ ದಾರಿಗೆ ಬೀಳಬಹುದಾಗಿತ್ತು. ಬೇರಿಂಗನ್ನು ಬದಲಿಸಿ, ಅದೇ ಭಾರದೊಡನೆ ಅದೇ ಏರನ್ನು ಹತ್ತಿಸಿದಾಗ ನಡುಕವಿರಲಿಲ್ಲ.

ಪ್ರಿಯರೇ, ನಾವು ನಮ್ಮ ಆತ್ಮಗಳನ್ನು ಹೀಗೆಯೇ ಅಲ್ಲವೇ ಪರೀಕ್ಷಿಸುತ್ತೇವೆ? ಆದಿತ್ಯವಾರ ಮಿಂದು, ಮಡಿಬಟ್ಟೆಯುಟ್ಟು, ಭಾರವನ್ನೆಲ್ಲಾ ಮನೆಯಲ್ಲಿ ಇಳಿಸಿ ಬಂದು, "ನಡುಕವಿಲ್ಲ" ಅನ್ನುತ್ತೇವೆ. ಪೇತ್ರನು ಭೋಜನದ ಮೇಜಿನ ಬಳಿಯಲ್ಲಿ ನಡುಗಲಿಲ್ಲ. ಅಂಗಳದ ಬೆಂಕಿಯ ಬಳಿ ದಾಸಿಯೊಬ್ಬಳು ಕೇಳಿದಾಗ ನಡುಗಿದನು. ಭಾರವು ಬಿದ್ದದ್ದು ಅಲ್ಲಿಯೇ. ಸಾಲಗಾರನು ಬಾಗಲಲ್ಲಿ ನಿಂತಾಗ, ಮಗುವಿಗೆ ಜ್ವರ ಬಂದಾಗ, ನೆರೆಯವನು ಬೇಲಿ ಸರಿಸಿದಾಗ ನಮ್ಮಲ್ಲಿ ಏನು ಅಲುಗುತ್ತದೆಂದು ನೋಡಿಕೊಳ್ಳೋಣ. ನಡುಕವು ನಿಂತಿತೆಂದು ಸಂತೋಷಪಡುವದು ಸಾಲದು, ಅದು ಯಾವಾಗ ಬಂತೆಂದು ಬರೆದಿಟ್ಟುಕೊಳ್ಳುವದೇ ಬುದ್ಧಿ.

ಇನ್ನೊಬ್ಬನ ವಿಷಯದಲ್ಲಾದರೋ, ಅವನ ಪಕ್ಕದಲ್ಲಿ ಕೂತು ಅವನ ಏರನ್ನು ಹತ್ತುವ ತನಕ ಬಾಯಿ ಮುಚ್ಚಿಕೊಂಡಿರೋಣ. ಯಜಮಾನರು ಎಲ್ಲರೆದುರಿಗೆ, "ತಪ್ಪಾಯಿತಪ್ಪಾ, ನಾಳೆಯೂ ನೀನೇ ಬಾ" ಅಂದರು. ನಾವೂ ಆ ಯೌವನಸ್ಥನ ಕೈ ಹಿಡಿದು ಕ್ಷಮೆ ಬೇಡಿದೆವು. ಅವನು, "ಕೂತು ನೋಡಿದಿರಲ್ಲಾ, ಸಾಕು" ಅಂದನು. ನಮ್ಮ ಭಾರಗಳನ್ನು ಬಲ್ಲ ಕರ್ತನು ನಮ್ಮನ್ನೂ ಭಾರದೊಡನೆಯೇ ಶೋಧಿಸಿ, ಹರಿದದ್ದನ್ನು ಸರಿಮಾಡಲಿ. ಆಮೆನ್.