ಗೆಲುವಿನ ಧರ್ಮ

ಸ್ಪರ್ಧೆಯಲ್ಲಿ ಎದುರಾಳಿಯು ವೈರಿಯೋ, ಜೊತೆಗಾರನೋ? ಜಾತ್ರೆಯ ಕುಸ್ತಿಯಲ್ಲಿಯೂ ಪರೀಕ್ಷೆಯ ಕೋಣೆಯಲ್ಲಿಯೂ ಏಳುವ ಈ ಪ್ರಶ್ನೆ, ದಾಳದ ಅದೃಷ್ಟಕ್ಕೆ ಎಡೆಯಿಲ್ಲದ ಚದುರಂಗದಲ್ಲಿ ಬಹು ಸ್ಪಷ್ಟವಾಗಿ ಎದುರು ನಿಲ್ಲುತ್ತದೆ.

1972ರಲ್ಲಿ ಐಸ್‌ಲೆಂಡಿನ ರೇಕ್ಯಾವಿಕ್ ನಗರದಲ್ಲಿ ವಿಶ್ವಪಟ್ಟಕ್ಕಾಗಿ ರಷ್ಯದ ಬೋರಿಸ್ ಸ್ಪಾಸ್ಕಿಯೂ ಅಮೆರಿಕದ ಬಾಬಿ ಫಿಶರನೂ ಸೆಣಸಿದರು. ಫಿಶರನು ಮೊದಲನೆಯ ಆಟವನ್ನು ಸೋತನು. ಎರಡನೆಯದಕ್ಕೆ ಬರಲೇ ಇಲ್ಲ. ಪಟ್ಟವನ್ನು ಧರಿಸಿದ್ದ ಸ್ಪಾಸ್ಕಿ 2–0ರಿಂದ ಮುಂದಿದ್ದನು. ಆದರೂ ಎದುರಾಳಿಯ ಕೋರಿಕೆಯಂತೆ ಮೂರನೆಯ ಆಟವನ್ನು ಪ್ರೇಕ್ಷಕರಿಲ್ಲದ ಹಿಂಬದಿಯ ಕೋಣೆಯಲ್ಲಿ ಆಡಲು ಒಪ್ಪಿದನು, ಸೋತನು. ಆರನೆಯ ಆಟವನ್ನು ಫಿಶರನು ಸೊಗಸಾಗಿ ಗೆದ್ದಾಗ, ಸೋತ ಸ್ಪಾಸ್ಕಿಯೇ ಸಭೆಯೊಡನೆ ಚಪ್ಪಾಳೆ ತಟ್ಟಿದನು.

ಹನ್ನೊಂದನೆಯದು ಸಿಸಿಲಿಯನ್ ಆರಂಭದ ಆಟ. ಬಿಳಿಯ ಆಟಗಾರನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದಾಗ, ಕಪ್ಪಿನವನು ಅದನ್ನೇ ಅನುಕರಿಸದೆ ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದೂಡುವುದೇ ಈ ಆರಂಭ. ಸರಿಸಮದ ನೆಮ್ಮದಿಯನ್ನು ತೊರೆದು ಹೋರಾಟವನ್ನು ವರಿಸುವ ದಾರಿಯಿದು. ಅಂದು ಕಪ್ಪಿನ ಕಡೆಯಿದ್ದ ಫಿಶರನು, ಆಟಗಾರರು ‘ವಿಷದ ಕಾಲಾಳು’ ಎನ್ನುವ ಕಾಯನ್ನು ತನ್ನ ಮಂತ್ರಿಯಿಂದ ಕಡಿದನು. ಹದಿನಾಲ್ಕನೆಯ ನಡೆಯಲ್ಲಿ ಸ್ಪಾಸ್ಕಿ ತನ್ನ ಕುದುರೆಯನ್ನು ಅದು ಮೊದಲು ಹೊರಟ ಮನೆಗೇ ಹಿಂದಿರುಗಿಸಿದನು. ಸೋಲಿನ ಹಿಂದಡಿಯಂತೆ ಕಂಡ ಆ ನಡೆಯೇ ಬಲೆಯಾಯಿತು. ಕಪ್ಪು ಮಂತ್ರಿ ಸಿಕ್ಕಿಬಿದ್ದಿತು. 31ನೆಯ ನಡೆಗೆ ಫಿಶರನು ಸೋಲೊಪ್ಪಿದನು.

ಇದರಿಂದ ‘ಆಸೆ ಕೆಟ್ಟದ್ದು’ ಎಂಬ ಸುಲಭದ ನೀತಿಯನ್ನು ತೆಗೆಯಬಾರದು. ಏಳನೆಯ ಆಟದಲ್ಲಿಯೂ ಅದೇ ಕಾಲಾಳನ್ನು ಕಡಿದ ಫಿಶರನು ಆಟವನ್ನು ಸಮ ಮಾಡಿಕೊಂಡಿದ್ದನು. ಕೊನೆಯ ಇಪ್ಪತ್ತೊಂದನೆಯ ಆಟದಲ್ಲಿ ಸಿಸಿಲಿಯನ್ನನ್ನೇ ಆಡಿ ಗೆದ್ದು, 12½–8½ರಿಂದ ಪಟ್ಟವೇರಿದನು.

ಹಾಗಾದರೆ ಕೈಯಲ್ಲಿದ್ದ ಮುನ್ನಡೆಯನ್ನು ಬಳಸಿಕೊಂಡು ಹೊರಟುಹೋಗದ ಸ್ಪಾಸ್ಕಿ ಅವಿವೇಕಿಯೇ? ತನ್ನನ್ನು ಕಳುಹಿದ ನಾಡಿನ ಗೌರವಕ್ಕೆ ಅವನು ಬಾಧ್ಯನಾಗಿರಲಿಲ್ಲವೇ? ಈ ಆಕ್ಷೇಪ ಹಗುರವಾದುದಲ್ಲ. ಎದುರಾಳಿಯ ಹಟಕ್ಕೆಲ್ಲ ಮಣಿಯುವುದು ಧರ್ಮವೂ ಅಲ್ಲ. ಆದರೆ ಅವನು ಬಿಟ್ಟುಕೊಟ್ಟದ್ದು ಕೋಣೆಯನ್ನು, ಆಟದ ನಿಯಮವನ್ನಲ್ಲ. ಪಟ್ಟವೆಂದರೆ ‘ನಾನು ಸಮರ್ಥ’ ಎಂಬ ಮಾತು. ಆ ಮಾತನ್ನು ಒರೆಗೆ ಹಚ್ಚಬಲ್ಲವನು ಸಮರ್ಥ ಎದುರಾಳಿಯೊಬ್ಬನೇ. ಅವನಿಲ್ಲದೆ ಉಳಿದ ಪಟ್ಟ ಆಸ್ತಿಯಾದೀತು, ಸತ್ಯವಾಗದು.

ಸದ್ಭಕ್ತರೇ, ಅತನೂರಿನಂತಹ ನಮ್ಮ ಊರುಗಳ ಮಕ್ಕಳು ಇಂದು ಪ್ರತಿಯೊಂದು ಸ್ಥಾನಕ್ಕೂ ಸ್ಪರ್ಧಿಸಬೇಕಾಗಿದೆ. ‘ಗೆದ್ದು ಬಾ’ ಎಂದು ಅವರನ್ನು ಹರಸುವುದು ಸಹಜ. ಅದರೊಡನೆ, ಎದುರಿನವನು ಸೊಗಸಾಗಿ ಗೆದ್ದರೆ ಮನಸಾರೆ ಮೆಚ್ಚುವ ಸಂಸ್ಕಾರವನ್ನೂ ನೀಡೋಣ. ಸ್ಪಾಸ್ಕಿ ಪಟ್ಟವನ್ನು ಕಳೆದುಕೊಂಡನು. ಆದರೆ 2025ರಲ್ಲಿ ಅವನು ತೀರಿಕೊಂಡಾಗ ಲೋಕವು ನೆನೆದುದರಲ್ಲಿ ಅವನ ಗೆಲುವುಗಳೊಡನೆ ಆ ಚಪ್ಪಾಳೆಯೂ ಇತ್ತು.